ಬೇಲಿಯಾಚೆ ಚೆಲ್ಲಿದ ಚರಗ

ನಮ್ಮ ಕಡೆ ಈಗ ಊರಿಗೆ ಹತ್ತು ಮನೆಯಲ್ಲಿ ಒಂದೇ ಕಥೆ. ಹೊಲ ಹೋಯಿತು, ಚೆಕ್ಕು ಬಂತು. ಕಲ್ಲಿನ ಗಣಿಗೆ ಹೋಯಿತೋ, ಸಿಮೆಂಟು ಕಾರ್ಖಾನೆಗೆ ಹೋಯಿತೋ, ರೈಲು ಹಳಿಗೆ ಹೋಯಿತೋ, ಅಂತೂ ಹೋಯಿತು. ಹೊಲ ಇದ್ದಾಗ ಅದರಲ್ಲಿ ಏನು ಮಾಡಬೇಕೆಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಚೆಕ್ಕು ಬಂದ ಮೇಲೆ ಮಾತ್ರ ಎಲ್ಲರದೂ ಒಂದೇ ಪ್ರಶ್ನೆ, "ಈ ರೊಕ್ಕಾ ಏನ್ ಮಾಡೋದ್ರಿ?"

ಈ ಪ್ರಶ್ನೆಗೆ ಉತ್ತರ ಹೇಳಲು ಓಡಿ ಬರುವವರು ಬಹಳ. ನಾನು ಓಡಿ ಹೋಗಲಿಲ್ಲ. ಅದಕ್ಕೇ ಈ ಹಾಳೆ ಬರೆಯುತ್ತಿದ್ದೇನೆ. ನಿಮ್ಮ ಸ್ವಸಹಾಯ ಸಂಘದಲ್ಲಿ ಓದಲು ಬರುವವರು ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ನಡುವೆ ಎದ್ದು ಹೋಗಬೇಡಿ.

ನನ್ನ ಹೆಸರು ಸೀತಾಬಾಯಿ. ಸೇಡಂನ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಕಾಮರ್ಸ್ ಪಾಠ ಹೇಳಿ ನಿವೃತ್ತಳಾದವಳು. ನನಗೆ ಸಿಟ್ಟು ಜಾಸ್ತಿ ಎಂದು ನನ್ನ ಹತ್ತಿರ ಓದಿದವರೆಲ್ಲ ಹೇಳುತ್ತಾರೆ. ಹೌದು, ಜಾಸ್ತಿ. ಈಗೀಗ ಅದು ನನ್ನ ಮೇಲೆಯೇ ತಿರುಗಿದೆ.

ನಮ್ಮ ಮನೆಗೆ ಹತ್ತು ವರ್ಷದಿಂದ ಹಾಲು ಕೊಡುವವಳು ಮರಡಿಹಾಳದ ಅಮೃತಮ್ಮ. ಹಾಲಿಗೂ ನೀರು ಬೆರೆಸಿದವಳಲ್ಲ, ಮಾತಿಗೂ ಬೆರೆಸಿದವಳಲ್ಲ. ಅವಳ ಗಂಡ ಶಿವರಾಯ. ಆರು ಎಕರೆ ಹೊಲ, ತೊಗರಿ ಮತ್ತು ಜೋಳ, ಮನೆ ಮುಂದೆ ಎರಡು ಎಮ್ಮೆ. ಉಂಡು ಉಟ್ಟು ಸುಖವಾಗಿದ್ದ ಸಂಸಾರ. 2006ರ ದಸರೆಯ ಹೊತ್ತಿಗೆ ಊರ ಪಕ್ಕದ ನೀಲಶಿಲಾ ಸಿಮೆಂಟ್ಸ್ ಕಂಪನಿ ಸರಕಾರದ ಮೂಲಕ ಆ ಹೊಲ ತೆಗೆದುಕೊಂಡಿತು. ಹೊಲದ ಕೆಳಗೆ ಪೂರಾ ಸುಣ್ಣದ ಕಲ್ಲು. ಕಲ್ಲು ಸುಡುವ ಎರಡನೆಯ ಭಟ್ಟಿ ಹಾಕುತ್ತೇವೆ, ಗಣಿ ದೊಡ್ಡದು ಮಾಡುತ್ತೇವೆ ಎಂದರು. ಒಂಬತ್ತು ಲಕ್ಷದ ಚೆಕ್ಕು ಬಂತು.

ಆ ವರ್ಷ ಎಳ್ಳಮಾವಾಸ್ಯೆಗೆ ಅವರ ಮನೆಯಲ್ಲಿ ರೊಟ್ಟಿ ಬಡಿಯಲಿಲ್ಲ. ನಮ್ಮ ಕಡೆಯವರಿಗೆ ಇದು ಏನೆಂದು ಬಿಡಿಸಿ ಹೇಳಬೇಕಿಲ್ಲ. ಎಳ್ಳಮಾವಾಸ್ಯೆ ಎಂದರೆ ಸಜ್ಜೆ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗುವುದು, ಬೆಳೆದು ನಿಂತ ಪೈರಿಗೆ ಮೊದಲ ತುತ್ತನ್ನು ಚರಗ ಚೆಲ್ಲಿ, ಭೂತಾಯಿಗೆ ಉಣ್ಣಿಸಿ ಆಮೇಲೆ ತಾವು ಉಣ್ಣುವುದು. ಹೊಲವೇ ಇಲ್ಲದವರು ಎಲ್ಲಿಗೆ ಹೋಗಬೇಕು? ಆ ದಿನ ಅಮೃತಮ್ಮ ಹಾಲು ತಂದಾಗ ಅವಳ ಕಣ್ಣು ಊದಿಕೊಂಡಿತ್ತು.

ಆದರೂ ಒಂದು ದಾರಿ ಇತ್ತು. ಚಿಂಚೋಳಿ ತಾಲೂಕಿನ ಕೊಡ್ಲಿ ಅವಳ ತವರೂರು. ಅಲ್ಲಿ ಅವಳ ಕಾಕಾ ಚಂದ್ರಾಮಪ್ಪ ಐದು ಎಕರೆ ಎರೆ ಹೊಲ ಮಾರಬೇಕೆಂದಿದ್ದರು. ಪರರಿಗೆ ಯಾಕೆ, ನಮ್ಮ ಹುಡುಗಿಗೇ ಕೊಡುತ್ತೇನೆ, ಎಂಟೂವರೆ ಲಕ್ಷ ಕೊಡಲಿ ಎಂದು ಮಾತು ಕೊಟ್ಟಿದ್ದರು. ಅಮೃತಮ್ಮ ಆ ಹೊಲದ ಬದುವನ್ನು ಆಗಲೇ ಕಣ್ಣ ಮುಂದೆ ಕಟ್ಟಿಕೊಂಡಿದ್ದಳು. ಬದುವಿನ ಮೇಲೆ ಒಂದು ಬೇವಿನ ಗಿಡ ಇದೆಯಂತೆ. ಅದನ್ನೇ ನನಗೆ ಮೂರು ಸಲ ಹೇಳಿದ್ದಳು.

2007ರ ಫೆಬ್ರವರಿಯಲ್ಲಿ ಒಂದು ಮುಂಜಾನೆ ಹಾಲು ಹಾಕಿದವಳು ಹೊರಡಲೇ ಇಲ್ಲ. ಕಟ್ಟೆಯ ಮೇಲೆ ಕೂತುಬಿಟ್ಟಳು.

"ಬಾಯೋರ, ಒಂದ್ ಮಾತು ಕೇಳ್ತೀನಿ, ಬೈಬ್ಯಾಡ್ರಿ."

"ಮೊದಲು ಕೇಳು. ಬೈಯೋದು ಆಮ್ಯಾಲ ನೋಡೋಣು."

"ನಮ್ಮ ಮನ್ಯಾಗಿನವರು ರೊಕ್ಕಾ ಪೂರಾ ಶೇರಿನಾಗ ಹಾಕ್ಯಾರ್ರಿ. ಅದೇ ನೀಲಶಿಲಾ ಕಂಪನಿ ಶೇರು. ಒಂದು ಶೇರಿಗೆ ತೊಂಬತ್ತು ರುಪಾಯಂತ, ಹತ್ತು ಸಾವಿರ ಶೇರು ತಗೊಂಡಾರ. ಒಂದು ವರ್ಷದಾಗ ದುಪ್ಪಟ್ಟು ಆಗ್ತದ, ಐದು ಎಕರೆ ಬದಲಿ ಹತ್ತು ಎಕರೆ ತಗೊಳ್ಳೋಣು ಅಂತ ಅಂತಾರ."

"ಪೂರಾ ಹಾಕ್ಯಾನೇನು? ಒಂದು ಪೈ ಬಿಡದಂಗ?"

"ಪೂರಾ ರಿ."

ನನ್ನ ಕೈಯಲ್ಲಿದ್ದ ಹಾಲಿನ ಪಾತ್ರೆ ಕೆಳಗಿಟ್ಟೆ. "ಸಾಯಂಕಾಲ ಅವನ್ನ ಕರ್ಕೊಂಡು ಬಾ," ಎಂದೆ. ಅಷ್ಟರಲ್ಲಿ ಬಸ್‌ಸ್ಟ್ಯಾಂಡ್ ಎದುರಿನ ನೆಟ್ ಸೆಂಟರಿಗೆ ಹೋದೆ. ಅಲ್ಲಿ ಕೂತಿರುವವನು ನನ್ನ ಹಳೆಯ ವಿದ್ಯಾರ್ಥಿ ರಮೇಶಕುಮಾರ. ಅವನ ಕೈಯಿಂದ ಆ ಕಂಪನಿಯ ವರ್ಷದ ಲೆಕ್ಕಪತ್ರ ತೆಗೆಸಿದೆ. ಷೇರುಪೇಟೆಯ ವೆಬ್‌ಸೈಟಿನಲ್ಲಿ ಪ್ರತಿ ಮೂರು ತಿಂಗಳಿಗೆ ಒಂದು ಪಟ್ಟಿ ಹಾಕುತ್ತಾರೆ. ಯಾವ ಕಂಪನಿಯಲ್ಲಿ ಯಾರ ಪಾಲು ಎಷ್ಟು ಎಂಬ ಪಟ್ಟಿ. ಅದನ್ನೂ ತೆಗೆಸಿದೆ.

ಸಾಯಂಕಾಲ ಶಿವರಾಯ ಬಂದ. ಹೊಸ ಅಂಗಿ, ಜೇಬಿನಲ್ಲಿ ಹೊಸ ಮೊಬೈಲು. ಸೇಡಂನ ಷೇರು ಏಜೆಂಟ್ ನಾಗೇಂದ್ರಪ್ಪ ದಿನಾ ಮೂರೂವರೆಗೆ ಆ ಮೊಬೈಲಿಗೆ ಫೋನು ಮಾಡಿ ರೇಟು ಹೇಳುತ್ತಿದ್ದನಂತೆ.

"ಶಿವರಾಯಾ, ನೀ ಸಂತ್ಯಾಗ ಎಮ್ಮಿ ಹೆಂಗ ತಗೋತಿ?" ಎಂದೆ.

ಅವನು ನಕ್ಕ. "ಮೂರು ಹೊತ್ತು ನಾನೇ ಹಿಂಡಿ ನೋಡ್ತೀನ್ರಿ. ಒಂದು ಹೊತ್ತಿನ ಹಾಲಿಗೆ ಮೋಸ ಹೋಗಬಾರ್ದು. ಕೆಲವರು ಮುಂಜಾನಿ ಹಿಂಡಲಾರ್ದ ಕೆಚ್ಚಲ ತುಂಬಿಸಿ ತರ್ತಾರ."

"ಕಿಮ್ಮತ್ತು ಹೆಂಗ ಕಟ್ತಿ?"

"ಹಾಲಿನ ಮ್ಯಾಲ. ಹೊಟ್ಟು ಹಿಂಡಿ ಖರ್ಚು ತೆಗ್ದು ಎರಡು ಮೂರು ವರ್ಷದಾಗ ಅಸಲು ಬರ್ಬೇಕು. ಇಲ್ಲಂದ್ರ ಎಮ್ಮಿ ಯಾಕ ಬೇಕು?"

"ಶಾಣ್ಯಾ ಇದ್ದಿ. ಈಗ ಕೇಳು. ನೀ ತಗೊಂಡಿದ್ದು ಒಂದು ಎಮ್ಮಿ ಅಂತ ತಿಳ್ಕೋ. ಈ ಕಂಪನಿ ಹೋದ ವರ್ಷ ಒಂಬತ್ತು ಕೋಟಿ ಲಾಭ ಮಾಡ್ಯದ. ಒಟ್ಟು ಶೇರು ಮೂರು ಕೋಟಿ. ಅಂದ್ರ ಒಂದು ಶೇರು ವರ್ಷಕ್ಕ ಹಿಂಡೋ ಹಾಲು ಮೂರು ರುಪಾಯಿ. ನೀ ಕೊಟ್ಟಿದ್ದು ತೊಂಬತ್ತು. ಎಷ್ಟು ವರ್ಷ ಹಿಂಡಿದ್ರ ನಿನ್ನ ಅಸಲು ಬರ್ತದ?"

ಶಿವರಾಯ ಬೆರಳು ಮಡಿಚಿದ. ಅಮೃತಮ್ಮನೇ ಮೊದಲು ಹೇಳಿದಳು, "ಮೂವತ್ತು ವರ್ಷ."

"ಇಂಥವೇ ಬ್ಯಾರೆ ಸಿಮೆಂಟ್ ಕಂಪನಿ ಶೇರು ಇವತ್ತು ಹತ್ತು ಹನ್ನೆರಡು ವರ್ಷದ ಲಾಭಕ್ಕ ಸಿಗ್ತಾವ. ಆ ಲೆಕ್ಕಕ್ಕ ಇದರ ಕಿಮ್ಮತ್ತು ಮೂವತ್ತಾರು. ಹೊಸಾ ಭಟ್ಟಿ ಬಂದು ಲಾಭ ದುಪ್ಪಟ್ಟಾತು ಅಂತನೇ ಹಿಡಿ, ಎಪ್ಪತ್ತೆರಡು. ಅದೂ ಆದ್ರ ಮಾತು. ಮತ್ತ ಸಾಲ ಬ್ಯಾರೆ ಅದ. ಎರಡು ನೂರ ನಲವತ್ತು ಕೋಟಿ. ಒಂದೊಂದು ಶೇರಿನ ತಲಿ ಮ್ಯಾಲ ಎಂಬತ್ತು ರುಪಾಯಿ ಸಾಲ ಕುಂತದ. ಬ್ಯಾಂಕಿನವರು ಮೊದಲು ಹಿಂಡ್ಕೋತಾರ, ಉಳಿದದ್ದು ನಿನಗ."

ಶಿವರಾಯ ಕಿವಿ ತುರಿಸಿಕೊಂಡ. ನಾನು ಎರಡನೆಯ ಕಾಗದ ಮುಂದಿಟ್ಟೆ.

"ಇದು ಪಾಲಿನ ಪಟ್ಟಿ. ನೂರರಾಗ ಐವತ್ತು ಮಾಲಕರದು. ಮ್ಯೂಚುವಲ್ ಫಂಡು, ವಿಮಾ ಕಂಪನಿ, ಬ್ಯಾಂಕು, ಹೊರದೇಶದ ಫಂಡು, ಇವ್ರು ದೊಡ್ಡ ಸಂಸ್ಥೆಗೋಳು. ಸೆಪ್ಟೆಂಬರದಾಗ ಇವರದು ಇಪ್ಪತ್ನಾಕು ಇತ್ತು. ಡಿಸೆಂಬರಕ್ಕ ಹತ್ತೊಂಬತ್ತು ಆಗ್ಯದ. ನಿನ್ನಂಥ ಸಣ್ಣವರದು ಇಪ್ಪತ್ತಾರು ಇದ್ದದ್ದು ಮೂವತ್ತೊಂದು. ಅವ್ರು ಬಿಟ್ಟದ್ದು ನೀವು ತಗೊಂಡೀರಿ."

"ಅವರಿಗೆ ರೊಕ್ಕದ ಜರೂರತ್ತು ಬಂದಿರಬೇಕ್ರಿ."

"ಇರಬಹುದು. ಅವರೇನು ದೇವರಲ್ಲ, ಅವರೂ ತಪ್ತಾರ. ಒಂದು ಸಲ ಇಳಿದ್ರ ನಾನೂ ಏನೂ ಅನ್ನಂಗಿಲ್ಲ. ಆದ್ರ ಲೆಕ್ಕಾ ಓದೋದೇ ಅವರ ನೌಕರಿ. ಅಂಥವರು ಯಾಕ ಇಳಿದ್ರು ಅಂತ ಕೇಳಲಾರ್ದ ನೀ ಹೆಂಗ ಏರಿದಿ? ಎಮ್ಮಿ ಮೂರು ಹೊತ್ತು ಹಿಂಡ್ತಿ. ಈ ಪಟ್ಟೀನೂ ಮೂರು ಸಲ ನೋಡಬೇಕೋ ಬ್ಯಾಡೋ?"

ಆಗ ಶಿವರಾಯ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ.

"ಬಾಯೋರ, ನೀವು ಕಾಗದ ನೋಡ್ತೀರಿ. ನಾ ಕಣ್ಣಿಲೆ ನೋಡ್ತೀನಿ. ದಿನಾ ಮಧ್ಯಾಹ್ನ ಒಂದಕ್ಕ ಬ್ಲಾಸ್ಟ್ ಆಗ್ತದ, ನಮ್ಮ ಮನಿ ಗ್ವಾಡಿ ನಡಗ್ತದ, ಅದು ಸುಳ್ಳೇನು? ಹೋಟಲ್ದಾಗ ಕುಂತು ಎಣಿಸೀನಿ, ಸಂಜಿತನ ಎರಡು ನೂರು ಲಾರಿ ಹೊರಗ ಬೀಳ್ತಾವ. ಚಿಮಣಿ ಹೊಗಿ ಒಂದು ದಿನ ನಿಂತಿಲ್ಲ. ಆ ಕಲ್ಲು ನಮ್ಮ ಹೊಲದ್ದು ರಿ. ನಮ್ಮಪ್ಪ ನೇಗಿಲ ಹೊಡೆದ ಹೊಲ. ಈ ಶೇರು ತಗೊಂಡ್ರ ನಮ್ಮ ಹೊಲ ನಮಗ ಹೊಳ್ಳಿ ಬಂದಂಗ."

ನಾನು ಸಿಟ್ಟಾದೆ. ಲಾರಿ ಎಷ್ಟು ಹೋಯಿತು ಎಂಬುದು ಬೇರೆ, ಲಾರಿ ಹೋದ ಮೇಲೆ ಎಷ್ಟು ಉಳಿಯಿತು ಎಂಬುದು ಬೇರೆ ಎಂದು ಒದರಿದೆ. ಕಾರ್ಖಾನೆ ಗಟ್ಟಿ ಇದ್ದರೂ ಅದಕ್ಕೆ ಕೊಟ್ಟ ಬೆಲೆ ಹೆಚ್ಚಾಗಿರಬಹುದು ಎಂದೆ. ದಡ್ಡ ಎಂದೂ ಅಂದೆ. ಇಪ್ಪತ್ತೆಂಟು ವರ್ಷದ ಚಾಳಿ, ಬೋರ್ಡಿನ ಮುಂದೆ ನಿಂತಂತೆ ಮಾತಾಡಿಬಿಟ್ಟೆ. ಶಿವರಾಯ ಮರ್ಯಾದಸ್ಥ. ಕೈ ಮುಗಿದು ಎದ್ದು ಹೋದ. ಅಲ್ಲಿಗೆ ನಾನು ಜಾಗೃತಿ ಮೂಡಿಸಿದ್ದು ಮುಗಿಯಿತು.

ಆಮೇಲೆ ಏನಾಯಿತು ಗೊತ್ತೇ? ರೇಟು ಏರಿತು! ಯುಗಾದಿಗೆ ನೂರ ಐದು, ನಾಗರ ಪಂಚಮಿಗೆ ನೂರ ಹದಿನೆಂಟು, ದೀಪಾವಳಿಗೆ ನೂರ ನಲವತ್ತು. ಅಮೃತಮ್ಮ ಹಾಲು ಹಾಕುವಾಗ ನನ್ನ ಮುಖ ನೋಡುತ್ತಿರಲಿಲ್ಲ. ನನಗೆ ಅವಮಾನವಾಗಬಾರದೆಂದು ಅವಳೇ ತಲೆ ತಗ್ಗಿಸುತ್ತಿದ್ದಳು, ಪುಣ್ಯಾತಗಿತ್ತಿ. ನಾಗೇಂದ್ರಪ್ಪ ಸಂತೆಯಲ್ಲಿ ಸಿಕ್ಕಾಗ ಹಲ್ಲು ಕಿರಿದ. "ಬಾಯೋರ, ನಿಮ್ಮ ಪುಸ್ತಕ ಹಳೇದಾಗ್ಯದ್ರಿ," ಎಂದ. ನನಗೂ ಅನುಮಾನ ಬಂತು. ಇರಬಹುದೇನೋ, ನನ್ನ ಪುಸ್ತಕ ಹಳೆಯದೇ ಇರಬಹುದು ಎಂದುಕೊಂಡೆ.

ಆದರೂ ಮೂರು ತಿಂಗಳಿಗೊಮ್ಮೆ ನೆಟ್ ಸೆಂಟರಿಗೆ ಹೋಗಿ ಆ ಪಟ್ಟಿ ತೆಗೆಸುವುದನ್ನು ಬಿಡಲಿಲ್ಲ. ದೊಡ್ಡ ಸಂಸ್ಥೆಗಳ ಪಾಲು ಮಾರ್ಚಿಗೆ ಹದಿಮೂರು, ಜೂನಿಗೆ ಒಂಬತ್ತು, ಸೆಪ್ಟೆಂಬರಿಗೆ ಆರು. ರೇಟು ಏರುತ್ತಿತ್ತು, ಅವರು ಇಳಿಯುತ್ತಿದ್ದರು. ಸಣ್ಣವರ ಪಾಲು ನಲವತ್ನಾಲ್ಕಕ್ಕೆ ಬಂದಿತ್ತು. ಲಾಭ ಮಾತ್ರ ಅದೇ ಮೂರು ರೂಪಾಯಿಯ ಆಸುಪಾಸು. ಎಮ್ಮೆ ಅದೇ, ಹಾಲು ಅಷ್ಟೇ, ಕಿಮ್ಮತ್ತು ಮಾತ್ರ ಒಂದೂವರೆ ಪಟ್ಟು. ಆ ಕಾಗದ ಮಡಿಸಿ ನನ್ನ ಚೀಲದಲ್ಲಿ ಇಟ್ಟುಕೊಂಡೆ.

2008ರ ಜನವರಿ ಎಂಟು, ಎಳ್ಳಮಾವಾಸ್ಯೆ. ಅಮೃತಮ್ಮ ಹಿಂದಿನ ದಿನವೇ ಬಂದು ಕರೆದಿದ್ದಳು. "ಈ ಸಲ ನಮ್ಮನ್ಯಾಗ ಹಬ್ಬ ಅದ್ರಿ. ನೀವು ಬರಲೇಬೇಕು." ಯಾರ ಹೊಲಕ್ಕೆ ಎಂದು ಕೇಳಿದೆ. ಅವಳು ಹಾಲಿನ ಪಾತ್ರೆ ಎತ್ತಿಕೊಂಡು ಹೊರಟುಬಿಟ್ಟಳು.

ಮರಡಿಹಾಳಕ್ಕೆ ಹೋದೆ. ಶಿವರಾಯ ತಲೆಗೆ ರುಮಾಲು ಸುತ್ತಿದ್ದ. ಅಮೃತಮ್ಮ ಬುಟ್ಟಿ ಹೊತ್ತಿದ್ದಳು. ನಡೆದು ನಡೆದು ನಾವು ನಿಂತದ್ದು ಕಾರ್ಖಾನೆಯ ತಂತಿ ಬೇಲಿಯ ಹತ್ತಿರ. ಆಚೆಗೆ ದೊಡ್ಡ ಹಳ್ಳ ತೋಡಿದ್ದರು, ತಳದಲ್ಲಿ ನೀಲಿ ಕಲ್ಲು ಕಾಣುತ್ತಿತ್ತು. ಅದೇ ಅವರ ಹೊಲ. ಕಾವಲುಗಾರ ಸರ್ದಾರ ಪರಿಚಯದವನು. "ಬರ್ರಿ ಮಾಲಕ್ರ, ಬರ್ರಿ!" ಎಂದು ನಕ್ಕು ಸಲಾಮು ಹೊಡೆದ. ಅದು ಚೇಷ್ಟೆ. ಶಿವರಾಯ ಅದನ್ನು ಖರೆ ಎಂದೇ ತೆಗೆದುಕೊಂಡ, ಮೀಸೆಯ ಮೇಲೆ ಕೈ ಹಾಕಿದ.

ಐದು ಕಲ್ಲು ಇಟ್ಟು ಪೂಜೆ ಮಾಡಿದರು. ಆಮೇಲೆ ಶಿವರಾಯ ಭಜ್ಜಿ ಕಲಸಿದ ರೊಟ್ಟಿಯ ಚೂರು ಹಿಡಿದು, ಕೂಗು ಹಾಕುತ್ತ, ಬೇಲಿಯ ಮೇಲಿಂದ ಆಚೆಗೆ ಚರಗ ಚೆಲ್ಲಿದ. ತುತ್ತು ಹೋಗಿ ಹಳ್ಳದೊಳಗೆ ಬಿತ್ತು. ಪೈರಿಲ್ಲ, ಮಣ್ಣಿಲ್ಲ, ಬರೀ ಕಲ್ಲು. ಅವನ ಮುಖ ನೋಡಿದೆ. ಹೊಲ ಹೋದ ಮೇಲೆ ಆ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ.

ಊಟಕ್ಕೆ ಕೂತಾಗ ಅಮೃತಮ್ಮ ಮಾತು ತೆಗೆದಳು. "ಚಂದ್ರಾಮಪ್ಪ ಕಾಕಾ ಶಿವರಾತ್ರಿ ತನಕ ಕಾಯ್ತಾನಂತ. ಆಮ್ಯಾಲ ಬ್ಯಾರೇದವರಿಗೆ ಕೊಡ್ತಾನಂತ. ಹತ್ತು ಲಕ್ಷಕ್ಕ ಬಂದದ ಹೊಲ. ಈಗ ಮಾರಿದ್ರ ಹದಿನಾಕು ಬರ್ತಾವ. ಹೊಲಾನೂ ಆಗ್ತದ, ಮ್ಯಾಲ ಉಳೀತದ. ಬಾಯೋರ, ನೀವರೆ ಹೇಳ್ರಿ."

ಶಿವರಾಯ ರೊಟ್ಟಿ ಕೆಳಗಿಟ್ಟ. ಧ್ವನಿ ಏರಿಸಲಿಲ್ಲ.

"ಒಂದು ಸಲ ಹೊಲಾ ಮಾರಿದಾಗ ಸರಕಾರ ಜಬರದಸ್ತಿ ಮಾಡ್ತು, ಕೊಟ್ಟೆ. ಈಗ ಯಾರೂ ಜಬರದಸ್ತಿ ಮಾಡವಲ್ರು. ನಾನೇ ನನ್ನ ಕೈಲೆ ನಮ್ಮಪ್ಪನ ಹೊಲಾ ಎರಡನೇ ಸಲ ಮಾರಲೇನು, ಅಮೃತಾ?"

ನೋಡಿ, ಎಡವಟ್ಟು ಇಲ್ಲೇ ಆದದ್ದು. ಮೊದಲು ಆ ಷೇರು ಹೊಲ ಕೊಳ್ಳಲು ದುಡ್ಡು ಬೆಳೆಸುವ ಉಪಾಯವಾಗಿತ್ತು. ಈಗ ಅದೇ ಹೊಲವಾಗಿ ಕೂತಿತ್ತು. ಹೊಲವನ್ನು ಮಾರಬಾರದು ಎಂದು ಹಿರಿಯರು ಹೇಳಿಕೊಟ್ಟ ಮಾತನ್ನು ಆ ಪುಣ್ಯಾತ್ಮ ಷೇರಿಗೆ ಹಚ್ಚಿದ್ದ. ಷೇರು ಹೊಲವಲ್ಲ. ಮಳೆ ಬಂದರೆ ಅದು ಮೊಳೆಯುವುದಿಲ್ಲ. ಹತ್ತು ಸಾವಿರ ಷೇರು ಇಟ್ಟುಕೊಂಡವನಿಗೆ ಆ ಬೇಲಿಯೊಳಗೆ ಒಂದು ಹೆಜ್ಜೆ ಇಡುವ ಹಕ್ಕೂ ಇರಲಿಲ್ಲ.

ಆ ಕಾಗದ ನನ್ನ ಚೀಲದಲ್ಲಿತ್ತು. ಇಪ್ಪತ್ತನಾಲ್ಕು, ಹತ್ತೊಂಬತ್ತು, ಹದಿಮೂರು, ಒಂಬತ್ತು, ಆರು. ಅಕ್ಷರ ಬಾರದ ಅಮೃತಮ್ಮನಿಗೂ ಅಂಕಿ ಬರುತ್ತಿತ್ತು. ಚೀಲದ ಮೇಲೆ ಕೈ ಇಟ್ಟೆ. ಹಬ್ಬದ ದಿನ, ಉಣ್ಣುವ ಎಲೆಯ ಮುಂದೆ, ಹೊಲ ಹೋದ ಮೇಲೆ ಮೊದಲ ಸಲ ಮನಸಾರೆ ಹಿಗ್ಗಿದ ಮನುಷ್ಯನ ಮುಂದೆ ಕೆಟ್ಟ ಮಾತು ಯಾಕೆ ಅನ್ನಿಸಿತು. ಮತ್ತೊಂದು ಸಂಗತಿಯೂ ಇತ್ತು, ಅದನ್ನೂ ಬರೆದುಬಿಡುತ್ತೇನೆ. ಒಂದು ಸಲ ಹೇಳಿ ನಗೆಪಾಟಲಾಗಿದ್ದೆ. ಇನ್ನೊಮ್ಮೆ ಆಗಲು ನನಗೆ ಮನಸ್ಸಿರಲಿಲ್ಲ. ಭಜ್ಜಿ ಭಾಳ ಛಲೋ ಆಗ್ಯದ ಅಮೃತಾ ಎಂದೆ. ಉಂಡು ಎದ್ದು ಬಂದೆ.

ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಆ ದಿನದ ನನ್ನ ಮೌನಕ್ಕೆ ಬೆಂಕಿ ಬೀಳಲಿ.

ಸರಿಯಾಗಿ ಹದಿಮೂರು ದಿನಕ್ಕೆ ಪೇಟೆ ಕುಸಿಯಿತು. ಜನವರಿ ಇಪ್ಪತ್ತೊಂದು, ಸೋಮವಾರ. ದೇಶದ ಎಲ್ಲ ಷೇರುಗಳೂ ಬಿದ್ದವು ನಿಜ. ಆದರೆ ಗಟ್ಟಿ ಕಂಪನಿಗಳು ಬಿದ್ದು ಎಲ್ಲೋ ಒಂದು ಕಡೆ ನಿಂತವು. ನೀಲಶಿಲಾ ನಿಲ್ಲಲಿಲ್ಲ. ಹಿಡಿದು ನಿಲ್ಲಿಸುವ ದೊಡ್ಡ ಕೈಗಳು ಒಂದೂ ಅಲ್ಲಿ ಉಳಿದಿರಲಿಲ್ಲ. ಇದ್ದವರೆಲ್ಲ ಸಣ್ಣವರು, ಎಲ್ಲರೂ ಒಂದೇ ಸಲ ಬಾಗಿಲಿಗೆ ನುಗ್ಗಿದರು. ವಾರದೊಳಗೆ ಎಂಬತ್ತೆಂಟು.

ಕಾಗದ ಹಿಡಿದುಕೊಂಡು ಓಡಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಲು ಹೋದ ಹಾಗೆ.

"ಈಗರೆ ಮಾರು ಶಿವರಾಯಾ. ಕೈಮುಗೀತೀನಿ."

"ನಂದು ತೊಂಬತ್ತು ರಿ. ತೊಂಬತ್ತಕ್ಕ ಬರ್ಲಿ, ಅಸಲಿಗೆ ಅಸಲು ತಗೊಂಡು ಬಿಟ್ಟುಬಿಡ್ತೀನಿ."

ಎಮ್ಮೆ ಬತ್ತಿದ ಮೇಲೆ ಕೊಂಡ ಬೆಲೆಗೇ ಮಾರುತ್ತೇನೆ ಎಂದರೆ ಯಾರು ಕೊಳ್ಳುತ್ತಾರೆ? ಪೇಟೆಗೆ ನಿಮ್ಮ ತೊಂಬತ್ತು ಗೊತ್ತಿಲ್ಲ. ಶಿವರಾತ್ರಿಗೆ ಅರವತ್ತಾಯಿತು. ಆಗಲೂ ಆರು ಲಕ್ಷ ಬರುತ್ತಿತ್ತು, ಕೊಡ್ಲಿಯಲ್ಲಿ ಮೂರು ಎಕರೆ ಆಗುತ್ತಿತ್ತು. ಅಮೃತಮ್ಮ ಅತ್ತು ಕರೆದು ಊಟ ಬಿಟ್ಟಳು. ಅವನು ಮಾರಲಿಲ್ಲ. ಶಿವರಾತ್ರಿ ಕಳೆದ ಎಂಟು ದಿನಕ್ಕೆ ಚಂದ್ರಾಮಪ್ಪ ಆ ಹೊಲವನ್ನು ಬೇರೆಯವರಿಗೆ ಬರೆದುಕೊಟ್ಟರು. ತಪ್ಪು ಅವರದಲ್ಲ, ಒಂದು ವರ್ಷ ಕಾದಿದ್ದರು. ಗಣೇಶ ಚೌತಿಗೆ ಇಪ್ಪತ್ತೆಂಟು. ದೀಪಾವಳಿಗೆ ಹನ್ನೊಂದು.

ಕಂಪನಿಯ ಎರಡನೆಯ ಭಟ್ಟಿ ಅರ್ಧಕ್ಕೆ ನಿಂತಿತು. ಬ್ಯಾಂಕಿನ ಕಂತು ಕಟ್ಟಲಾಗಲಿಲ್ಲ. ಡಿಸೆಂಬರಿನಲ್ಲಿ ಒಂದು ದಿನ ಮಧ್ಯಾಹ್ನ ಒಂದಕ್ಕೆ ಬ್ಲಾಸ್ಟ್ ಆಗಲಿಲ್ಲ. ಮರಡಿಹಾಳದ ಜನ ಗಡಿಯಾರ ನೋಡಿಕೊಂಡು ಹೊರಗೆ ಬಂದು ನಿಂತಿದ್ದರಂತೆ. ಚಿಮಣಿಯ ಹೊಗೆಯೂ ನಿಂತಿತ್ತು.

ಆ ತಿಂಗಳೇ ಮತ್ತೆ ಎಳ್ಳಮಾವಾಸ್ಯೆ ಬಂತು. ಈ ಸಲ ಯಾರೂ ನನ್ನನ್ನು ಕರೆಯಲಿಲ್ಲ. ನಾನಾಗಿಯೇ ಹೋದೆ. ಅಮೃತಮ್ಮ ಮನೆಯಲ್ಲಿರಲಿಲ್ಲ. ಕೊಡ್ಲಿಯಲ್ಲಿ ತೊಗರಿ ಕೊಯ್ಲಿಗೆ ಕೂಲಿ ಹೋಗಿದ್ದಳು, ಒಂದು ಎಮ್ಮೆಯನ್ನೂ ಮಾರಿ ಆಗಿತ್ತು. ಯಾರ ಹೊಲಕ್ಕೆ ಎಂದು ನಾನು ಕೇಳಲಿಲ್ಲ. ಬೇವಿನ ಗಿಡ ಇರುವ ಹೊಲಕ್ಕೆ ಎಂದು ಆಮೇಲೆ ಅವಳೇ ಹೇಳಿದಳು.

ಶಿವರಾಯ ಒಬ್ಬನೇ ಎರಡು ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡು ಬೇಲಿಯ ಕಡೆ ಹೊರಟಿದ್ದ. ಬೇಡವೆಂದೆ, ಅವನು ಕೇಳಲಿಲ್ಲ, ನಾನೂ ಹಿಂದೆಯೇ ಹೋದೆ. ಗೇಟಿಗೆ ಬೀಗ, ಬೀಗದ ಮೇಲೆ ಬ್ಯಾಂಕಿನ ನೋಟೀಸು. ಸರ್ದಾರನಿಗೆ ನೌಕರಿ ಹೋಗಿತ್ತು. ಬ್ಯಾಂಕಿನವರು ಇಟ್ಟ ಹೊಸ ಕಾವಲುಗಾರ ನಿಂತಿದ್ದ. ಶಿವರಾಯ ರೊಟ್ಟಿ ಮುರಿದು ಕೈ ಎತ್ತಿದ.

"ಏ ಹಿರ್ಯಾ, ಇಲ್ಲಿ ಕಸಾ ಚೆಲ್ಲಬ್ಯಾಡ! ನಡೀ ಆಕಡೆ!"

ಎತ್ತಿದ ಕೈ ಹಾಗೇ ಇಳಿಯಿತು. ಶಿವರಾಯ ರೊಟ್ಟಿಯನ್ನು ತಿರುಗಿ ಬಟ್ಟೆಯಲ್ಲಿ ಕಟ್ಟಿದ. ಗಂಟು ಹಾಕಲು ಅವನಿಗೆ ಬಹಳ ಹೊತ್ತು ಹಿಡಿಯಿತು.

2009ರ ಫೆಬ್ರವರಿಯಲ್ಲಿ ಷೇರು ಎಂಟು ರೂಪಾಯಿ ಇದ್ದಾಗ ಎಲ್ಲವನ್ನೂ ಮಾರಿದರು. ಒಂಬತ್ತು ಲಕ್ಷ ಹೋಗಿ ಎಂಬತ್ತು ಸಾವಿರ ಬಂತು. ಆ ಎಂಬತ್ತು ಸಾವಿರದ ವಾಸನೆ ಹಿಡಿದು ನಾಗೇಂದ್ರಪ್ಪ ಮತ್ತೆ ಮರಡಿಹಾಳಕ್ಕೆ ಬಂದ. ಅವನೂ ಆ ಕಂಪನಿಯಲ್ಲಿ ಸ್ವಂತದ ದುಡ್ಡು ಕಳೆದುಕೊಂಡಿದ್ದ ಎಂಬುದು ನಿಜ. ಆದರೂ ಪ್ರತಿ ವ್ಯವಹಾರಕ್ಕೂ ಅವನಿಗೆ ಕಮಿಷನ್ ಬರುತ್ತದೆ, ಏರಿದರೂ ಬರುತ್ತದೆ, ಇಳಿದರೂ ಬರುತ್ತದೆ. ಆ ದಿನ ನಾನು ಅಲ್ಲೇ ಇದ್ದೆ.

"ಶಿವರಾಯಪ್ಪ, ಹೋದದ್ದು ಹೋತು. ಒಂದು ಹೊಸಾ ಕಂಪನಿ ಅದ. ಕಲ್ಲು ಪಾಲಿಶ್ ಮಾಡಿ ಹೊರದೇಶಕ್ಕ ಕಳಿಸ್ತಾರ. ಹನ್ನೆರಡು ರುಪಾಯಿ ಶೇರು. ಹೋದದ್ದೆಲ್ಲಾ ಹೊಳ್ಳಿ ತಗೊಳ್ಳೋಣು."

ಶಿವರಾಯ ನೆಲ ನೋಡುತ್ತ ಕೂತಿದ್ದ. ಅಮೃತಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ನನ್ನ ಅಗತ್ಯವಿರಲಿಲ್ಲ, ಅವಳೇ ಸಾಕಾಗಿತ್ತು.

"ಹನ್ನೆರಡು ಅಂದ್ರ ಸೋವಿ ಅಂತ ಅಂತೀರೇನ್ರಿ? ಒಂದು ಶೇರು ವರ್ಷಕ್ಕ ಎಷ್ಟು ಹಿಂಡ್ತದ?"

"ಅಂದ್ರ?"

"ಲಾಭ ರಿ. ಒಂದು ಶೇರಿಗೆ ಎಷ್ಟು? ಅದರ ತಲಿ ಮ್ಯಾಲ ಸಾಲ ಎಷ್ಟದ?"

"ಅದೆಲ್ಲಾ ಕಂಪನ್ಯಾವರಿಗೆ ಗೊತ್ತು, ನಮಗ್ಯಾಕ ಬೇಕವ್ವಾ?"

"ದೊಡ್ಡ ಸಂಸ್ಥಾದವರು ಎಷ್ಟು ಮಂದಿ ಅದರಾಗ ಅದಾರ? ಅವರ ಪಾಲು ಏರಾಕತ್ತದೋ ಇಳ್ಯಾಕತ್ತದೋ? ಹೋದ ನಾಕು ಸಲದ ಪಟ್ಟಿ ತೊಗೊಂಡು ಬರ್ರಿ. ಬಾಯೋರ ಮುಂದ ಓದಿಸ್ತೀನಿ. ಆಮ್ಯಾಲ ಚಹಾ ಕುಡ್ಯಾಕ ಬರ್ರಿ."

ನಾಗೇಂದ್ರಪ್ಪ ಹೋದ, ಮತ್ತೆ ಬರಲಿಲ್ಲ. ಎಂಬತ್ತು ಸಾವಿರದಲ್ಲಿ ಐವತ್ತು ಅಂಚೆ ಕಚೇರಿಗೆ ಹೋಯಿತು. ಉಳಿದದ್ದರಲ್ಲಿ ಒಂದು ಎಮ್ಮೆ ಬಂತು. ಮೂರು ಹೊತ್ತು ಹಿಂಡಿ ನೋಡಿಯೇ ತಂದರು.

ಇಷ್ಟಕ್ಕೆ ಮುಗಿಸಿದರೆ ಕಥೆ ಚೆನ್ನಾಗಿರುತ್ತದೆ, ಸಂಸಾರ ಬುದ್ಧಿ ಕಲಿಯಿತು ಎನ್ನಬಹುದು. ಕಲಿಯಿತು, ನಿಜ. ಏನು ಉಪಯೋಗ? ಐವತ್ತು ವರ್ಷದ ಶಿವರಾಯ ಶಹಾಬಾದದಲ್ಲಿ ಒಂದು ಕಲ್ಲಿನ ಯಾರ್ಡಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಹೊತ್ತು ಲಾರಿಗೆ ತುಂಬುತ್ತಾನೆ. ಅವರಿಗೆ ಇನ್ನು ಹೊಲ ಆಗುವುದಿಲ್ಲ. ಕೊಡ್ಲಿಯಲ್ಲಿ ಈಗ ಎಕರೆ ನಾಲ್ಕು ಲಕ್ಷ. ಎಷ್ಟು ಫರಸಿ ಹೊತ್ತರೂ ಆಗುವುದಿಲ್ಲ.

ಮೊನ್ನೆ ಅವನು ನಮ್ಮ ಕಟ್ಟೆಯ ಮೇಲೆ ಕೂತಿದ್ದ. ನಾನು ತಡೆಯಲಾರದೆ ಆ ಚೀಲದ ಕಾಗದದ ವಿಷಯ ಹೇಳಿಬಿಟ್ಟೆ. ಎಳ್ಳಮಾವಾಸ್ಯೆಯ ದಿನ, ಊಟದ ಹೊತ್ತಿನಲ್ಲಿ, ಅದು ನನ್ನ ಹತ್ತಿರವೇ ಇತ್ತು ಎಂದೆ. ಬೈಯುತ್ತಾನೆ ಅಂದುಕೊಂಡಿದ್ದೆ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅವನು ಹೇಳಿದ್ದು ಇಷ್ಟೇ. "ಅವತ್ತು ತೋರಿಸಿದ್ರ ನಾ ಕೇಳ್ತಿದ್ನೋ ಇಲ್ಲೋ, ಗೊತ್ತಿಲ್ರಿ. ಕೇಳ್ತಿದ್ದಿಲ್ಲ ಅನಸ್ತದ. ಆದ್ರ ಅಮೃತಾ ಅಲ್ಲೇ ಕುಂತಿದ್ಳು. ತೋರಿಸಬೇಕಿತ್ರೀ ಬಾಯೋರ."

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮಡಿಸಿ ಇಡಬೇಡಿ. ನಿಮ್ಮ ಮನೆಗೆ ಚೆಕ್ಕು ಬಂದಿದ್ದರೆ, ಯಾರೋ ಬಂದು ದಾರಿ ತೋರಿಸಿದರೆ, ಅವರನ್ನು ಅಮೃತಮ್ಮ ಕೇಳಿದ್ದನ್ನೇ ಕೇಳಿ. ಒಂದು ಷೇರಿಗೆ ವರ್ಷದ ಲಾಭ ಎಷ್ಟು, ನಾನು ಕೊಡುವ ಬೆಲೆ ಎಷ್ಟು ವರ್ಷದ ಲಾಭ, ಅದರ ತಲೆಯ ಮೇಲೆ ಸಾಲ ಎಷ್ಟು ಎಂದು ಕೇಳಿ. ದೊಡ್ಡ ಸಂಸ್ಥೆಗಳ ಪಾಲಿನ ಪಟ್ಟಿಯನ್ನು ಒಂದು ಸಲವಲ್ಲ, ನಾಲ್ಕು ಸಲದ್ದು ಒಟ್ಟಿಗೆ ಇಟ್ಟು ನೋಡಿ. ಅದಕ್ಕೆ ನೆಟ್ ಸೆಂಟರಿನಲ್ಲಿ ಅರ್ಧ ತಾಸು ಸಾಕು. ಕಣ್ಣಿಗೆ ಕಾಣುವ ಹೊಗೆ, ಲಾರಿ, ಧೂಳು ನೋಡಿ ಬೆಲೆ ಕಟ್ಟಬೇಡಿ. ಇದ್ದದ್ದೆಲ್ಲ ಒಂದೇ ಕಡೆ ಹಾಕಬೇಡಿ. ಷೇರಿಗೆ ಹೊಲದ ಹೆಸರು ಇಡಬೇಡಿ.

ಇನ್ನು ನನ್ನಂಥವರಿಗೆ, ನಾಲ್ಕು ಅಕ್ಷರ ಕಲಿತವರಿಗೆ ಒಂದು ಮಾತು. ನಿಮ್ಮ ಚೀಲದಲ್ಲಿ ಅಂಥದೊಂದು ಕಾಗದ ಇದ್ದರೆ ಹಬ್ಬವಿರಲಿ, ಊಟವಿರಲಿ, ಜನ ನಗಲಿ, ಹೊರಗೆ ತೆಗೆಯಿರಿ. ಯಾರೋ ಒಬ್ಬರು ಕೇಳದಿದ್ದರೂ ಪಕ್ಕದಲ್ಲಿ ಕೂತವರು ಕೇಳಿಸಿಕೊಳ್ಳುತ್ತಾರೆ. ನಾನು ತೆಗೆಯಲಿಲ್ಲ. ಈ ಎಳ್ಳಮಾವಾಸ್ಯೆಗೂ ಅಮೃತಮ್ಮ ಬೇವಿನ ಗಿಡದ ಹೊಲಕ್ಕೆ ಕೂಲಿ ಹೋಗುತ್ತಾಳೆ.